ಎರಡು ಸಬ್‌ವೂಫರ್ ಇದ್ದರೂ ಬೇಸ್ ಇಲ್ಲ: ನಾನು ಹುಡುಕಿ ಸರಿಮಾಡಿದ್ದು ಹೀಗೆ

ಕಾರಲ್ಲಿ ಬೇಸ್, ಅಂದರೆ ಹಾಡಿನ ತಗ್ಗಿನ ಗುಡುಗು ಶಬ್ದ, ಕಮ್ಮಿ ಅಂತ ಯಾರಿಗೆ ಹೇಳಿದರೂ ಬರುವ ಸಲಹೆ ಒಂದೇ: ಆಂಪ್ (ಆಂಪ್ಲಿಫೈಯರ್) ಚಿಕ್ಕದು, ದೊಡ್ಡದು ಹಾಕ್ಸಿ. ನನಗೂ ಹಾಗೇ ಹೇಳಿದರು. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಡಿಜೈರ್. ಹಳೇ ಓನರ್ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟು 12 ಇಂಚಿನ ಎರಡು ಸಬ್‌ವೂಫರ್ (ಬೇಸ್‌ಗೇ ಅಂತ ಇರೋ ದೊಡ್ಡ ಸ್ಪೀಕರ್) ಕೂರಿಸಿ, ಒಂದು ಮೊನೊ (ಒಂದೇ ಚಾನೆಲ್‌ನ) ಆಂಪ್ ಹಾಕಿಸಿದ್ದರು. ನೋಡೋಕೆ ಭರ್ಜರಿ. ಹಾಡು ಹಾಕಿದರೆ ಮಾತ್ರ ಮುಂದಿನ ಬಾಗಿಲಿನ ಸ್ಪೀಕರ್‌ಗಳೇ ವಾಸಿ ಅನ್ನಿಸೋದು. ತಮಟೆ ಏಟು ಚೆನ್ನಾಗಿ ಕೇಳೋದು, ಡೊಳ್ಳಿನ ಗುಡುಗು ಬರ್ತಲೇ ಇರಲಿಲ್ಲ.

ಯುಪಿಎಸ್, ಇನ್ವರ್ಟರ್ ಸರ್ವಿಸ್ ಮಾಡೋದು ನನ್ನ ಕಸುಬು. ದಿನಾ ಬ್ಯಾಟರಿ, ದಪ್ಪ ಕೇಬಲ್, ಮೀಟರ್ ಜೊತೆಗೇ ಇರ್ತೀನಿ. ಅಳೆದು ನೋಡದೆ ದುಡ್ಡು ಖರ್ಚು ಮಾಡೋದು ನನಗೆ ಆಗಿಬರಲ್ಲ. ಇನ್ನೊಂದು ಲೆಕ್ಕವೂ ಇತ್ತು. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಜಾಸ್ತಿ ಆಯ್ತು’ ಅನ್ನೋಷ್ಟೇ. ನನ್ನ ಕಾರಲ್ಲಿ ಬೇಸ್ ಸ್ವಲ್ಪ ಕಮ್ಮಿ ಇರಲಿಲ್ಲ, ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ಇದು ವ್ಯಾಟ್ ಸಾಲದೆ ಆಗೋ ತೊಂದರೆ ಅಲ್ಲ ಅಂತ ಅಲ್ಲೇ ಅನುಮಾನ ಬಂತು.

ಆಂಪ್ ಮೇಲೆ 1500 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಅದನ್ನು ನಂಬಬೇಡಿ. ಪಕ್ಕದಲ್ಲಿರೋ ಫ್ಯೂಸ್ ನೋಡಿ. ನನ್ನದರಲ್ಲಿ 25 ಆಂಪಿಯರ್‌ದು ಎರಡು, ಒಟ್ಟು 50. ಎಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಸಿಗುತ್ತೆ ಅಂದುಕೊಂಡರೆ ಒಳಗೆ ಹೋಗೋದೇ 690 ವ್ಯಾಟ್. ಕ್ಲಾಸ್ ಡಿ (ಕರೆಂಟ್ ಕಮ್ಮಿ ಪೋಲು ಮಾಡೋ ಬಗೆಯ) ಆಂಪ್ ಅದರಲ್ಲಿ ಶೇ. 80ರಷ್ಟನ್ನು ಹೊರಗೆ ಕೊಟ್ಟರೆ 550 ಚಿಲ್ಲರೆ. ಮ್ಯಾನ್ಯುಯಲ್‌ನಲ್ಲಿ 2 ಓಮ್‌ಗೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆಯ ಅಳತೆ) 500 ವ್ಯಾಟ್ ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ, ಅಂತ ಇತ್ತು, ಲೆಕ್ಕ ಸರಿಹೋಯ್ತು. ಒಂದು ಡಿಜೈರ್‌ಗೆ 500 ವ್ಯಾಟ್ ಧಾರಾಳ.

ಮುಂದಿನ ಪ್ರಶ್ನೆ ಓಮ್‌ದು. ಎರಡೂ ಸಬ್‌ವೂಫರ್ ತಲಾ 4 ಓಮ್, ಒಂದೇ ಕಾಯಿಲ್‌ನವು (ಕಾಯಿಲ್ ಅಂದರೆ ಸ್ಪೀಕರ್ ಒಳಗಿನ ತಂತಿ ಸುರುಳಿ). ಪ್ಯಾರಲಲ್ ಹಾಕಿದರೆ 2 ಓಮ್, ಸೀರೀಸ್ ಹಾಕಿದರೆ 8. ಸೀರೀಸ್ ಹಾಕಿಬಿಟ್ಟಿದ್ದರೆ ಆಂಪ್‌ನ ಶಕ್ತಿ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತೆ, ಇದು ತುಂಬಾ ಕಡೆ ಆಗೋ ತಪ್ಪು. ಆಂಪ್ ಕಡೆಯ ವೈರ್ ಬಿಚ್ಚಿ ಮೀಟರ್ ಇಟ್ಟೆ. 1.8 ತೋರಿಸ್ತು. ಮೀಟರ್ ಅಳೆಯೋದು ಡಿಸಿ ರೆಸಿಸ್ಟೆನ್ಸ್, ಅದು ಯಾವಾಗಲೂ ಬರೆದ ಓಮ್‌ಗಿಂತ ಸ್ವಲ್ಪ ಕಮ್ಮಿ ಇರುತ್ತೆ. ಅಂದರೆ ಪ್ಯಾರಲಲ್ಲೇ ಇದೆ, ಎರಡೂ ಕಾಯಿಲ್ ಬದುಕಿವೆ.

ಇಲ್ಲೇ ತುಂಬಾ ಜನ ನಿಲ್ಲಿಸ್ತಾರೆ. ಓಮ್ ಸರಿ ಇದೆ, ಕಾಯಿಲ್ ಸುಟ್ಟಿಲ್ಲ, ಕೋನ್ (ಸ್ಪೀಕರ್ ಮುಂದಿನ ಅಲುಗಾಡೋ ಪರದೆ) ಕೂಡ ಅಲುಗಾಡ್ತಿದೆ, ಇನ್ನೇನು ಅಂತ. ಆದರೆ ಮೀಟರ್‌ಗೆ ಗೊತ್ತಾಗದ ಒಂದು ವಿಷಯ ಇದೆ. ಒಂದು ಸಬ್‌ನ ಪ್ಲಸ್ ಮೈನಸ್ ಅದಲು ಬದಲಾಗಿದ್ದರೂ ಓಮ್ ಅದೇ ಬರುತ್ತೆ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಹಾಡು ಓಡ್ತಾ ಇರಲಿ, ವಾಲ್ಯೂಮ್ ಕಮ್ಮಿ ಇಟ್ಟುಕೊಂಡು ಒಂದು ಸಬ್‌ನ ವೈರ್ ಕಿತ್ತುಬಿಡಿ. ಕಿತ್ತ ವೈರ್ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಬೇಸ್ ಕಮ್ಮಿ ಆಗಬೇಕು. ನಾನು ಡಿಕ್ಕಿ ಹತ್ತಿರ ನಿಂತು ಕಿತ್ತೆ, ತಮ್ಮ ಡ್ರೈವರ್ ಸೀಟಲ್ಲಿ ಕೂತಿದ್ದ. ಕಿತ್ತ ತಕ್ಷಣ ಒಳಗಿಂದ ಕೂಗಿದ: “ಅಣ್ಣಾ, ಏನು ಮಾಡ್ದೆ? ಈಗ ಬಂತು ನೋಡು ಸೌಂಡು!”

ಒಂದನ್ನು ತೆಗೆದರೆ ಬೇಸ್ ಜಾಸ್ತಿ ಆಯ್ತು ಅಂದರೆ ಎರಡೂ ಒಂದಕ್ಕೊಂದು ವಿರುದ್ಧ ಓಡ್ತಿದ್ದವು ಅಂತ ಅರ್ಥ. ಗರಗಸದ ಎರಡೂ ತುದಿಯಲ್ಲಿ ನಿಂತು ಇಬ್ಬರೂ ಒಟ್ಟಿಗೇ ಎಳೆದರೆ ಮರ ಕುಯ್ಯುತ್ತಾ? ಇಲ್ಲೂ ಅಷ್ಟೇ. ಒಂದು ಕೋನ್ ಗಾಳಿಯನ್ನು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತೆ. ಬೇಸ್‌ನ ಅಲೆ ಉದ್ದ, 50 ಹರ್ಟ್ಸ್‌ಗೆ ಸುಮಾರು 7 ಮೀಟರ್. ಅಷ್ಟುದ್ದದ ಅಲೆಗೆ ಪಕ್ಕಪಕ್ಕದಲ್ಲಿರೋ ಎರಡು ಕೋನ್ ಒಂದೇ ಜಾಗ ಇದ್ದ ಹಾಗೆ. ಹಾಗಾಗಿ ಒಂದರ ಶಬ್ದವನ್ನು ಇನ್ನೊಂದು ತಿಂದುಹಾಕುತ್ತೆ. ಆಂಪ್ ಪಾಪ ಪೂರ್ತಿ ಕೆಲಸ ಮಾಡ್ತಾ ಬಿಸಿ ಆಗ್ತಿರುತ್ತೆ, ನಮಗೆ ಕೇಳೋದು ಏನೂ ಇಲ್ಲ. ಇದರ ಮೇಲೆ ಡಬಲ್ ವ್ಯಾಟ್‌ನ ಆಂಪ್ ಹಾಕಿದ್ದರೂ ಕಥೆ ಅಷ್ಟೇ ಆಗ್ತಿತ್ತು.

ಯಾವುದು ಉಲ್ಟಾ ಅಂತ ತಿಳಿಯೋಕೆ ಗೋಡೆ ಗಡಿಯಾರದ 1.5 ವೋಲ್ಟ್ ಪೆನ್ಸಿಲ್ ಸೆಲ್ ಸಾಕು. ಆಂಪ್‌ನಿಂದ ವೈರ್ ಪೂರ್ತಿ ಬಿಚ್ಚಿದ ಮೇಲೆ, ಪೆಟ್ಟಿಗೆ ಹಿಂದಿನ ಟರ್ಮಿನಲ್‌ಗೆ ಸೆಲ್‌ನ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಬೇಕು. ಕೋನ್ ಹೊರಗೆ ಬಂದರೆ ಸರಿ. ಎಡಗಡೆಯದು ‘ಟಪ್’ ಅಂತ ಹೊರಗೆ ಬಂತು. ಬಲಗಡೆಯದು ಒಳಗೆ ಹೋಯ್ತು. ಹೊರಗಡೆ ಕೆಂಪು, ಕಪ್ಪು ವೈರ್ ಎರಡೂ ಸರಿಯಾಗೇ ಇದ್ದವು. ಸ್ಕ್ರೂ ಬಿಚ್ಚಿ ಸಬ್ ಎತ್ತಿ ನೋಡಿದರೆ ಪೆಟ್ಟಿಗೆ ಒಳಗಡೆ ಅದಲಾಗಿತ್ತು. ಕಣ್ಣಿಗೆ ಬೀಳದ ಜಾಗ, ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ.

ಸರಿಮಾಡಿ ಮುಚ್ಚುವಾಗ ಇನ್ನೊಂದು ಕೆಲಸ ಮಾಡಿದೆ. ನನ್ನದು ಸೀಲ್ಡ್ ಪೆಟ್ಟಿಗೆ, ಗಾಳಿ ಸೋರಬಾರದು. ಫೋನಿನಿಂದ 35 ಹರ್ಟ್ಸ್ ಟೋನ್ ಮೆಲ್ಲಗೆ ಹಾಕಿ, ಊದುಬತ್ತಿ ಹಚ್ಚಿ ಪೆಟ್ಟಿಗೆಯ ಮೂಲೆ, ಜಾಯಿಂಟ್, ಟರ್ಮಿನಲ್ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋದೆ. ಹೊಗೆ ನೇರವಾಗಿ ಏಳ್ತಾ ಇತ್ತು. ಟರ್ಮಿನಲ್ ಪ್ಲಾಸ್ಟಿಕ್ ಹತ್ತಿರ ಬಂದಾಗ ಮಾತ್ರ ಹೊಗೆಯ ಎಳೆ ನಡುಗೋಕೆ ಶುರುವಾಯ್ತು, ತುಂಡುತುಂಡಾಗಿ ಪಕ್ಕಕ್ಕೆ ಹಾರ್ತಿತ್ತು. ಅಲ್ಲಿ ಸಿಲಿಕೋನ್ ಬಳಿದು ಒಂದು ರಾತ್ರಿ ಒಣಗಲು ಬಿಟ್ಟೆ. ಪೋರ್ಟ್ (ಗಾಳಿ ಹೋಗಿಬರೋ ತೂತು) ಇರೋ ಪೆಟ್ಟಿಗೆಯಾದರೆ ಪೋರ್ಟ್ ಬಾಯಲ್ಲಿ ಹೊಗೆ ಅಲುಗಾಡೋದು ಸಹಜ, ಉಳಿದ ಕಡೆ ನೋಡಿಕೊಳ್ಳಿ.

ಈಗ ಬೇಸ್ ಬಂತು. ಆದರೆ ವಾಲ್ಯೂಮ್ ಏರಿಸಿದರೆ ಸೊರಗೋದು, ಜೋರಾದ ಏಟಿಗೆ ಆಂಪ್ ಕೆಂಪು ಲೈಟ್ ತೋರಿಸಿ ಒಂದೆರಡು ಸೆಕೆಂಡ್ ನಿಂತುಹೋಗೋದು. ಇದು ನನ್ನ ಕಸುಬಿನ ಒಳಗೇ ಬರೋ ವಿಷಯ: ವೋಲ್ಟ್ ದಾರಿಯಲ್ಲೇ ಕಳೆದುಹೋಗ್ತಿದೆ.

ಎಂಜಿನ್ ಚಾಲೂ ಇಟ್ಟು, 50 ಹರ್ಟ್ಸ್ ಟೋನ್ ಕೆಲವೇ ಸೆಕೆಂಡ್ ಜೋರಾಗಿ ಹಾಕಿ ಅಳೆದೆ. ಡಿಸಿ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ಸುಮಾರು 40 ಆಂಪಿಯರ್ ತೋರಿಸ್ತು. ಬ್ಯಾಟರಿ ಮೇಲೆ 13.6 ವೋಲ್ಟ್, ಆಂಪ್ ಟರ್ಮಿನಲ್ ಮೇಲೆ 11.8. ನಡುವೆ 1.8 ವೋಲ್ಟ್ ಮಾಯ. ಎಲ್ಲಿ ಮಾಯ ಅಂತ ಹುಡುಕೋಕೆ ಮೀಟರ್‌ಗೆ ಉದ್ದದ ವೈರ್ ಕಟ್ಟಿಕೊಂಡು ಎರಡು ಕಡೆ ಬೇರೆಬೇರೆ ಅಳೆಯಬೇಕು. ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್‌ಗೆ ಅಳೆದರೆ 0.6. ಬ್ಯಾಟರಿ ಮೈನಸ್‌ನಿಂದ ಆಂಪ್ ಗ್ರೌಂಡ್‌ಗೆ (ಕಾರಿನ ಬಾಡಿಗೆ ಸೇರೋ ಆಂಪ್‌ನ ಮೈನಸ್) ಅಳೆದರೆ 1.2. ಮೂರರಲ್ಲಿ ಎರಡು ಪಾಲು ಗ್ರೌಂಡ್‌ನಲ್ಲೇ ಹೋಗ್ತಿತ್ತು. 1.2 ವೋಲ್ಟ್, 40 ಆಂಪಿಯರ್ ಅಂದರೆ 48 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗ್ತಿದೆ. ಡಿಕ್ಕಿಯ ಮ್ಯಾಟ್ ಎತ್ತಿ ಗ್ರೌಂಡ್ ಸ್ಕ್ರೂ ಮುಟ್ಟಿದೆ, ಬೆರಳು ಚುರ್ ಅಂತು.

ಬಿಚ್ಚಿ ನೋಡಿದರೆ ರಿಂಗ್ ಲಗ್ (ಕೇಬಲ್ ತುದಿಯ ಲೋಹದ ಉಂಗುರ) ಕೆಳಗೆ ಬಾಡಿಯ ಪೇಂಟ್ ಹಾಗೇ ಇದೆ. ಸ್ಕ್ರೂ ಎಳೆಗಳ ಮೂಲಕ ಎಷ್ಟು ಆಗುತ್ತೋ ಅಷ್ಟೇ ಕರೆಂಟ್ ಹೋಗ್ತಿತ್ತು. ಉಪ್ಪುಕಾಗದದಿಂದ ಲೋಹ ಬೆಳ್ಳಗೆ ಹೊಳೆಯೋವರೆಗೆ ಉಜ್ಜಿದೆ. ತಗಡಿನ ಸ್ಕ್ರೂ ಬಿಟ್ಟು ನಟ್ ಬೋಲ್ಟ್, ಸ್ಟಾರ್ ವಾಷರ್ ಹಾಕಿದೆ, ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಸವರಿದೆ. ಕೆಲವರು ಸೀಟ್ ಬೆಲ್ಟ್ ಬೋಲ್ಟ್‌ಗೇ ಗ್ರೌಂಡ್ ಕೊಡ್ತಾರೆ. ದಯವಿಟ್ಟು ಬೇಡ, ಆ ಬೋಲ್ಟ್ ಇರೋದು ಪ್ರಾಣ ಉಳಿಸೋಕೆ. ತೂತು ಕೊರೆಯೋದಿದ್ದರೆ ಕೆಳಗಡೆ ಪೆಟ್ರೋಲ್ ಟ್ಯಾಂಕ್, ಪೈಪ್ ಇಲ್ಲ ಅಂತ ಕಾರಿನ ಕೆಳಗೆ ಮಲಗಿ ನೋಡಿಯೇ ಕೊರೆಯಿರಿ.

ಇನ್ನು ಪ್ಲಸ್ ಕಡೆಯ ಕೇಬಲ್. ಹೊರಗಿಂದ ಹೆಬ್ಬೆರಳು ದಪ್ಪ, ‘4 ಗೇಜ್’ ಅಂತ ಅಚ್ಚು ಬೇರೆ. ತುದಿ ಸುಲಿದರೆ ಪ್ಲಾಸ್ಟಿಕ್ಕೇ ಜಾಸ್ತಿ, ಒಳಗಿನ ಎಳೆ ಪೆನ್ಸಿಲ್‌ಗಿಂತ ಸಣ್ಣ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ, ಕೆಂಪು ಹೋಗಿ ಬಿಳಿ ಕಂಡಿತು. ತಾಮ್ರದ ಲೇಪ ಇರೋ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದು ಶೇ. 60 ಚಿಲ್ಲರೆಯಷ್ಟೇ ಕರೆಂಟ್ ಸಾಗಿಸೋ ಗುಣದ್ದು. ಕಾರ್ ಆಡಿಯೊ ಕಿಟ್‌ಗಳಲ್ಲಿ ಇದು ಮಾಮೂಲು. ನಾನು ಇದಕ್ಕೆ ಕಾರ್ ಆಕ್ಸೆಸರಿ ಅಂಗಡಿಗೇ ಹೋಗಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 25 ಚದರ ಮಿಲಿಮೀಟರ್‌ನ ತಾಮ್ರದ ವೆಲ್ಡಿಂಗ್ ಕೇಬಲ್ ತಂದೆ. ವೆಲ್ಡಿಂಗ್ ಕೇಬಲ್‌ನಲ್ಲೂ ಅಲ್ಯೂಮಿನಿಯಂದು ಸಿಗುತ್ತೆ, ಕೇಳಿ ತಗೊಳ್ಳಿ. ಬ್ಯಾಟರಿಯಿಂದ ಒಂದು ಅಡಿ ಒಳಗೇ 60 ಆಂಪಿಯರ್ ಫ್ಯೂಸ್ ಹಾಕಿ, ಬಾನೆಟ್ ಒಳಗೆ ಸ್ಲೀವ್ ಹಾಕಿ ಎಳೆದೆ. ತಗಡಿನ ತೂತಿನಿಂದ ಕೇಬಲ್ ದಾಟುವ ಕಡೆ ರಬ್ಬರ್ ಗ್ರಾಮೆಟ್ ಇಲ್ಲದೇ ಇರಬಾರದು. ಈ ಫ್ಯೂಸ್ ಆಂಪ್ ಉಳಿಸೋಕಲ್ಲ, ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಕಾರು ಹತ್ತಿಕೊಳ್ಳದೇ ಇರೋಕೆ.

ಮತ್ತೆ ಅಳೆದಾಗ ಎರಡೂ ಕಡೆ ಸೇರಿ ಕಳೆದುಹೋಗ್ತಿದ್ದದ್ದು 0.4 ವೋಲ್ಟ್‌ಗೆ ಇಳಿದಿತ್ತು. ನಿಜ ಹೇಳಬೇಕು ಅಂದರೆ ಇದರಿಂದ ಶಬ್ದ ದೊಡ್ಡದಾಗಿ ಜಾಸ್ತಿ ಆಗಲಿಲ್ಲ. ಲೆಕ್ಕ ಹಾಕಿದರೂ ಒಂದು ಡೆಸಿಬೆಲ್ ಆಸುಪಾಸು ಅಷ್ಟೇ. ಆದರೆ ಏಟಿಗೆ ಏಟು ಗಟ್ಟಿಯಾಗಿ ಬರೋಕೆ ಶುರುವಾಯ್ತು, ಕೆಂಪು ಲೈಟ್ ಕಾಟ ಪೂರ್ತಿ ನಿಂತಿತು.

ಇದಾದ ಮೇಲೆ ಆಂಪ್‌ನ ತಿರುಪುಗಳಿಗೆ ಕೈ ಹಾಕಿದೆ. ಅಲ್ಲಿ ತಮಾಷೆ ಇತ್ತು. ಗೇನ್ ಪೂರ್ತಿ ಮೇಲೆ, ಬೇಸ್ ಬೂಸ್ಟ್ ಪೂರ್ತಿ ಮೇಲೆ. ಬೇಸ್ ಬರ್ತಿಲ್ಲ ಅಂತ ಯಾರೋ ತಿರುಗಿಸಿಟ್ಟಿದ್ದಾರೆ, ಅರ್ಥ ಆಗುತ್ತೆ. ಆದರೆ ಸಬ್‌ಸಾನಿಕ್ ತಿರುಪು 50 ಹರ್ಟ್ಸ್‌ನಲ್ಲಿ, ಲೋ ಪಾಸ್ ತಿರುಪೂ 50 ಹರ್ಟ್ಸ್‌ನಲ್ಲಿ! ಒಂದು 50ರ ಕೆಳಗಿನದನ್ನು ಕತ್ತರಿಸುತ್ತೆ, ಇನ್ನೊಂದು 50ರ ಮೇಲಿನದನ್ನು. ಉಳಿಯೋದೇನು ಮಣ್ಣು? ಮುಂದಿನ ಆಂಡ್ರಾಯ್ಡ್ ಸ್ಟೀರಿಯೊ ಒಳಗೂ ಇನ್ನೊಂದು ಲೋ ಪಾಸ್ ಆನ್ ಇತ್ತು. ಸ್ಟೀರಿಯೊದ್ದು ಆಫ್ ಮಾಡಿದೆ, ಆಂಪ್‌ದು 80ಕ್ಕೆ ತಂದೆ, ಸಬ್‌ಸಾನಿಕ್ 20ರ ಹತ್ತಿರ, ಬೂಸ್ಟ್ ಸೊನ್ನೆ.

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡೋ ಸಿಗ್ನಲ್‌ಗೆ ಆಂಪ್ ಹೊಂದಿಸೋ ತಿರುಪು ಅದು. ಜಾಸ್ತಿ ಮಾಡಿದರೆ ಅಲೆಯ ತಲೆ ಕತ್ತರಿಸಿಹೋಗಿ, ಕಾಯಿಲ್ ಸುಡಬಹುದು. ಇದನ್ನೂ ಮೀಟರ್‌ನಿಂದಲೇ ಹೊಂದಿಸಬಹುದು. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 500 ವ್ಯಾಟ್, 2 ಓಮ್ ಅಂದರೆ 31.6 ವೋಲ್ಟ್. ಸಬ್ ವೈರ್ ಬಿಚ್ಚಿ, ಸ್ಟೀರಿಯೊ ಈಕ್ವಲೈಸರ್ ಫ್ಲಾಟ್ ಇಟ್ಟು, ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, 50 ಹರ್ಟ್ಸ್ ಟೋನ್ ಹಾಕಿ ಆಂಪ್ ಔಟ್‌ಪುಟ್ ಅನ್ನು ಎಸಿ ವೋಲ್ಟ್‌ನಲ್ಲಿ ನೋಡ್ತಾ ಗೇನ್ ನಿಧಾನಕ್ಕೆ ಏರಿಸಬೇಕು. ನಮ್ಮ ಮನೆ ಕರೆಂಟೂ 50 ಹರ್ಟ್ಸೇ ಆದ್ದರಿಂದ ಅಗ್ಗದ ಮೀಟರ್ ಕೂಡ ಇಲ್ಲಿ ಸರಿಯಾಗಿ ಓದುತ್ತೆ. ನಾನು ಕಾಯಿಲ್‌ಗೆ ಸ್ವಲ್ಪ ಉಸಿರು ಬಿಟ್ಟು 28 ವೋಲ್ಟ್‌ಗೇ ನಿಲ್ಲಿಸಿದೆ. ತಿರುಪು ಅರ್ಧಕ್ಕೂ ಬಂದಿರಲಿಲ್ಲ.

ಕೊನೆಯದಾಗಿ ಕಾರಿನ ಆಕಾರ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿ, ಸೀಟು ಎಲ್ಲ ಒಂದೇ ಕೋಣೆ. ಸೆಡಾನ್‌ನಲ್ಲಿ ಹಾಗಲ್ಲ, ನಡುವೆ ಹಿಂದಿನ ಸೀಟು, ಮೇಲೆ ಶೆಲ್ಫ್. ಡಿಜೈರ್‌ನಲ್ಲಿ ಆ ಸೀಟು ಮಡಚೋಕೂ ಬರಲ್ಲ. ಡಿಕ್ಕಿ ಹತ್ತಿರ ನಿಂತರೆ ಎದೆ ನಡುಗುತ್ತೆ, ಒಳಗೆ ಕೂತರೆ ಅಷ್ಟಿಲ್ಲ ಅನ್ನೋದಾದರೆ ತಪ್ಪು ವೈರಿಂಗ್‌ನದಲ್ಲ, ಜಾಗದ್ದು. ಪೆಟ್ಟಿಗೆಯನ್ನು ಸೀಟಿಗೆ ಮುಖ ಮಾಡಿ, ಹಿಂದಕ್ಕೆ ಮುಖ ಮಾಡಿ, ಪಕ್ಕಕ್ಕೆ ಸರಿಸಿ ಎಲ್ಲ ನೋಡಿದೆ. ಕೋನ್‌ಗಳು ಡಿಕ್ಕಿ ಬಾಗಿಲಿನ ಕಡೆ ತಿರುಗಿ, ನಡುವೆ ಒಂದು ಗೇಣು ಜಾಗ ಇದ್ದಾಗ ನನ್ನ ಕಾರಲ್ಲಿ ಚೆನ್ನಾಗಿ ಬಂತು. ನಿಮ್ಮದರಲ್ಲಿ ಬೇರೆ ಇರಬಹುದು, ಸರಿಸಿ ನೋಡೋಕೆ ದುಡ್ಡೇನೂ ಬೇಕಿಲ್ಲ ಅಲ್ವಾ? ಪೆಟ್ಟಿಗೆ ಜಾಗಕ್ಕೆ ಬಂದ ಮೇಲೆ ಫೇಸ್ ಸ್ವಿಚ್ (ಸಬ್‌ಗೆ ಹೋಗೋ ಅಲೆಯನ್ನು ಉಲ್ಟಾ ಮಾಡೋದು) ನೋಡಬೇಕು. ತಮ್ಮ ಡಿಕ್ಕಿಯಲ್ಲಿ ಸೊನ್ನೆ, 180 ಅಂತ ಬದಲಾಯಿಸ್ತಾ ಹೋದ, ನಾನು ಡ್ರೈವರ್ ಸೀಟಲ್ಲಿ ಕಣ್ಣುಮುಚ್ಚಿ ಕೂತೆ. 180ರಲ್ಲಿ ಡೊಳ್ಳು ಮುಂದಿನ ಬಾಗಿಲಿನ ಸ್ಪೀಕರ್ ಜೊತೆ ಕೂಡಿಕೊಂಡು ಮುಂದಿಂದಲೇ ಬಂದ ಹಾಗೆ ಕೇಳ್ತು, ಅಲ್ಲೇ ಬಿಟ್ಟೆವು.

ಕೇಬಲ್, ಫ್ಯೂಸ್, ಲಗ್, ಸಿಲಿಕೋನ್ ಎಲ್ಲ ಸೇರಿಸಿದರೂ ನನಗೆ ಹೇಳಿದ್ದ ಹೊಸ ಆಂಪ್‌ನ ಕಾಲು ಬೆಲೆ ಆಗಲಿಲ್ಲ. ಈಗ ಇರೋ ತೊಂದರೆ ಒಂದೇ. ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್, ಎಸಿ ಎಲ್ಲ ಆನ್ ಇದ್ದರೆ ಜೋರು ಬೇಸ್‌ಗೆ ಲೈಟ್ ಸ್ವಲ್ಪ ಮಿಣುಕುತ್ತೆ. ಆಲ್ಟರ್ನೇಟರ್ ಐಡಲ್‌ನಲ್ಲಿ ಕೊಡೋದೇ ಅಷ್ಟು. ಅದನ್ನು ಬದಲಾಯಿಸೋ ಗೋಜಿಗೆ ನಾನು ಹೋಗಿಲ್ಲ, ಸಿಗ್ನಲ್ ಬಂದಾಗ ವಾಲ್ಯೂಮ್ ಇಳಿಸ್ತೀನಿ. ನಂಬರ್ ಪ್ಲೇಟ್ ಗಡಗಡ ಅಂತಿತ್ತು, ಅದರ ಹಿಂದೆ ಫೋಮ್ ಟೇಪ್ ಅಂಟಿಸಿದ್ದಾಯ್ತು.