ಬಟಾಣಿ ಮೊಗ್ಗಿನ ಮುಂದೆ ಚಿಮಟ ಹಿಡಿದು

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಬಟಾಣಿ ಬೆಳೆಯೋದು ಕಷ್ಟವಲ್ಲ. ಅಕ್ಟೋಬರ್ ಕೊನೆಗೆ ಬೀಜ ಊರಿ ನಾಲ್ಕು ಕಡ್ಡಿ ನೆಟ್ಟರೆ ಸಾಕು, ಕುಡಿಬಳ್ಳಿ ತಾನೇ ಸುತ್ತಿಕೊಳ್ಳುತ್ತದೆ. ನನ್ನನ್ನು ಸತಾಯಿಸಿದ್ದು ಎರಡು ಬಟಾಣಿಗೆ ಮದುವೆ ಮಾಡಿಸುವ ಕೆಲಸ.

ಬಟಾಣಿಗಳನ್ನು ಬೆರೆಸಿ, ಗುಣಗಳು ಮುಂದಿನ ಪೀಳಿಗೆಗೆ ಹೇಗೆ ಇಳಿಯುತ್ತವೆಂದು ಎಣಿಸಿ ನೋಡಿದ ಮೆಂಡಲ್ ಪ್ರಯೋಗವನ್ನು ಶಾಲೆಯಲ್ಲಿ ಓದಿದ್ದೆ, ಅದನ್ನು ಕೈಯಾರೆ ಮಾಡಬೇಕೆಂಬ ಹುಚ್ಚು. ಹೆಣ್ಣು, ಬೀಜದ ಪ್ಯಾಕೆಟ್‌ನಲ್ಲಿ ಬಂದ ಹಸಿರು ಸುಕ್ಕು ಬಟಾಣಿ. ಗಂಡು, ದಿನಸಿ ಅಂಗಡಿಯ ಬಿಳಿ ಬಟಾಣಿ. ಪಾನಿಪೂರಿಗೆ ಹಾಕ್ತಾರಲ್ಲ, ಅದೇ. ದುಂಡಗೆ, ಒಳಗೆ ಹಳದಿ.

ಮೊದಲ ವರ್ಷ ಅರಳಿದ ಹೂವಿಗೆ ಬ್ರಷ್‌ನಿಂದ ಪರಾಗ ಸವರಿದೆ. ಕಾಯಿ ಚೆನ್ನಾಗೇ ಬಂತು. ಒಣಗಿಸಿ ಸುಲಿದರೆ ಎಲ್ಲವೂ ಹಸಿರು, ಎಲ್ಲವೂ ಸುಕ್ಕು! ಬಟಾಣಿ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಕೊಂಡಿರುತ್ತದೆ. ನಾನು ಹೋಗಿದ್ದು ಮದುವೆ ಊಟ ಮುಗಿದ ಮೇಲೆ.

ಮುಂದಿನ ವರ್ಷ ಮೊಗ್ಗಿಗೇ ಕೈ ಹಾಕಿದೆ. ಬಿಳಿ ದಳ ಪುಷ್ಪಪಾತ್ರೆಯಿಂದ, ಅಂದರೆ ಮೊಗ್ಗಿನ ಹಸಿರು ಹೊದಿಕೆಯಿಂದ, ಸ್ವಲ್ಪ ಇಣುಕುವ ಹೊತ್ತು ಸರಿಯಾದದ್ದು. ದೊಡ್ಡ ದಳವನ್ನೂ ಎರಡು ರೆಕ್ಕೆಗಳನ್ನೂ ಹಿಂದಕ್ಕೆ ಸರಿಸಿ, ದೋಣಿಯಂಥ ದಳವನ್ನು ಸೂಜಿಯಿಂದ ಸೀಳಬೇಕು. ಒಳಗೆ ಪರಾಗ ಹೊತ್ತ ಹತ್ತು ಕೇಸರ. ಒಂಬತ್ತು ಬುಡದಲ್ಲಿ ಅಂಟಿಕೊಂಡಿರುತ್ತವೆ, ಒಂದು ಮಾತ್ರ ಬೇರೆ. ಹುಬ್ಬು ಕೀಳುವ ಚಿಮಟದಿಂದ ಹತ್ತನ್ನೂ ತೆಗೆದೆ. ಪುಡಿ ಉದುರಿದರೆ ಆ ಮೊಗ್ಗು ಲೆಕ್ಕಕ್ಕಿಲ್ಲ. ಆಮೇಲೆ ಗಂಡು ಗಿಡದ ಹೊಸ ಹೂವಿನ ಶಲಾಕೆಯನ್ನೇ (ಹೂವಿನ ನಡುವಿನ ಕಡ್ಡಿ) ತಂದು ಸವರಿದೆ. ಅದರ ತುದಿಯ ಹತ್ತಿರ ಸಣ್ಣ ರೋಮಗಳಿವೆ, ಪರಾಗ ಅಲ್ಲೇ ಮೆತ್ತಿಕೊಂಡಿರುತ್ತದೆ. ಬೇರೆ ಬ್ರಷ್ ಯಾಕೆ? ಗುರುತಿಗೆ ಕೆಂಪು ದಾರ ಕಟ್ಟಿದೆ.

ಹದಿನಾಲ್ಕು ಮೊಗ್ಗಿನಲ್ಲಿ ಹನ್ನೆರಡು ಉದುರಿದವು. ಎರಡು ಕಾಯಿಯಿಂದ ಏಳು ಕಾಳು.

"ಇಷ್ಟಕ್ಕೆ ಮೂರು ತಿಂಗಳು ಒದ್ದಾಡಿದ್ಯಾ?" ಅಂದಳು ಅಮ್ಮ.

ಆದರೆ ಸುಕ್ಕು ಗಿಡದ ಆ ಏಳೂ ಕಾಳು ದುಂಡು, ಏಳೂ ಹಳದಿ!

ಅವನ್ನೇ ಕಳೆದ ಚಳಿಗಾಲ ಬಿತ್ತಿದೆ. ಆರು ಗಿಡಕ್ಕೆ ಬೂದಿ ರೋಗ ಬಡಿಯಿತು, ಒಂದು ಉಳಿಯಿತು. ಒಂದೇ ಕಾಯಲ್ಲಿ ದುಂಡು, ಸುಕ್ಕು ಅಕ್ಕಪಕ್ಕ. ಮೊರದಲ್ಲಿ ಹರಡಿ ಎಣಿಸಿದೆ: 44 ದುಂಡು, 17 ಸುಕ್ಕು. ಮೆಂಡಲ್‌ಗೆ ಸಿಕ್ಕಿದ್ದು 5474 ಮತ್ತು 1850. ಎರಡೂ ಕಡೆ ಸುಮಾರು ಮೂರು ದುಂಡಿಗೆ ಒಂದು ಸುಕ್ಕು. ಅವರ ತಾಳ್ಮೆಗೆ ಕೈ ಮುಗಿಯಬೇಕು.

ಆ ಹದಿನೇಳು ಸುಕ್ಕಿನಲ್ಲಿ ಹದಿಮೂರು ಹಳದಿ. ಹಳದಿ ಸುಕ್ಕು ನನ್ನ ಪ್ಯಾಕೆಟ್‌ನಲ್ಲೂ ಇರಲಿಲ್ಲ, ಅಂಗಡಿಯಲ್ಲೂ ಇರಲಿಲ್ಲ. ಸದ್ಯ ಡಬ್ಬಿಯಲ್ಲಿವೆ, ಅಮ್ಮನ ಕೈಗೆ ಸಿಗದ ಜಾಗದಲ್ಲಿ.