ಜೆಲ್ ಹಾಸಿಗೆಯಾ, ಸಾದಾ ಮೆಮೊರಿ ಫೋಮಾ: ಮಂಗಳೂರಿಗೊಂದು, ಕೊಪ್ಪಕ್ಕೊಂದು ಕೊಂಡ ಅನುಭವ

ಮಂಗಳೂರಿನ ನಮ್ಮ ಮನೆಗೂ ಕೊಪ್ಪದಲ್ಲಿರುವ ಅತ್ತೆಯ ಮನೆಗೂ ಒಂದೇ ವರ್ಷ ಹೊಸ ಹಾಸಿಗೆ ಬೇಕಾಯಿತು. ಎರಡೂ ಕಡೆ ಇದ್ದದ್ದು ತೆಂಗಿನ ನಾರಿನ ಹಳೇ ಹಾಸಿಗೆ. ನಡುವೆ ಹೊಂಡ, ಅಂಚಿನಲ್ಲಿ ಗುಡ್ಡ. ಒಂದು ಮನೆ ಘಾಟಿಯ ಕೆಳಗೆ, ಇನ್ನೊಂದು ಮೇಲೆ. ಹಾಗಾಗಿ ಜೆಲ್ ತಗೊಳ್ಳುವುದಾ ಸಾದಾ ತಗೊಳ್ಳುವುದಾ ಅನ್ನುವ ಪ್ರಶ್ನೆಯನ್ನು ಎರಡು ಬೇರೆ ಹವೆಗೆ ಎರಡು ಸಲ ಬಿಡಿಸಬೇಕಾಯಿತು. ಉತ್ತರವೂ ಬೇರೆ ಬೇರೆಯೇ ಬಂತು. ಅದಕ್ಕಿಂತ ಹೆಚ್ಚಾಗಿ, ಜೆಲ್ ಇದೆಯೋ ಇಲ್ಲವೋ ಅನ್ನುವುದು ಕೇಳಬೇಕಾದ ಮೊದಲ ಪ್ರಶ್ನೆಯೇ ಅಲ್ಲ ಅಂತ ನನಗೆ ಅನಿಸಿತು.

ಅಂಗಡಿಯಲ್ಲಿ ಮಾತ್ರ ಮೊದಲು ಬರುವುದು ಅದೇ. "ಜೆಲ್ ತಗೊಳ್ಳಿ ಅಕ್ಕ, ಏಸಿಯೇ ಬೇಡ" ಅಂದ ಹುಡುಗ. ಅವನೇ ನಿಂತಿದ್ದದ್ದು ಏಸಿ ಕೆಳಗೆ. ಇಪ್ಪತ್ತಮೂರು ಡಿಗ್ರಿಯ ಶೋರೂಮಿನಲ್ಲಿ ಯಾವ ಹಾಸಿಗೆ ಮುಟ್ಟಿದರೂ ತಂಪೇ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಬೆಳಗಿನ ಜಾವಕ್ಕೂ ಇಪ್ಪತ್ತೈದು ಇಪ್ಪತ್ತಾರು ಡಿಗ್ರಿ ಇರುತ್ತದೆ, ಕರೆಂಟ್ ಹೋದರೆ ಫ್ಯಾನೂ ಇಲ್ಲ. ಅಂಥ ರಾತ್ರಿಗೆ ಹಾಸಿಗೆ ಆರಿಸುವುದನ್ನು ಅಂಥ ತಂಪು ಕೋಣೆಯಲ್ಲಿ ಮಾಡುವುದು ಸ್ವಲ್ಪ ತಮಾಷೆಯೇ ಅಲ್ವಾ?

ಈ ಫೋಮು ಏನು ಅಂತ ಸ್ವಲ್ಪ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಮೆಮೊರಿ ಫೋಮ್ ಕೂಡ ಪಾಲಿಯುರೆಥೇನ್ ಫೋಮೇ. ಆದರೆ ಒತ್ತಿದರೆ ತಕ್ಷಣ ಪುಟಿಯುವುದಿಲ್ಲ. ನಿಧಾನ ತಗ್ಗುತ್ತದೆ, ನಿಧಾನ ಏಳುತ್ತದೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಸೀಟಿಗೆಂದು ಇದನ್ನು ಮಾಡಿದ್ದು. ಗಗನಯಾತ್ರಿಗಳು ಇದರ ಮೇಲೆ ಮಲಗುತ್ತಿದ್ದರು ಅಂತ ಹೇಳುವ ಸೇಲ್ಸ್‌ನವರ ಮಾತನ್ನು ನಕ್ಕು ಬಿಡಿ. ಹಾಸಿಗೆಯಾಗಿ ದೊಡ್ಡ ಮಟ್ಟದಲ್ಲಿ ಮಾರುಕಟ್ಟೆಗೆ ಬಂದದ್ದು 1990ರ ದಶಕದ ಶುರುವಿನಲ್ಲಿ, ಸ್ವೀಡನ್ನಿನ ಕಂಪನಿಯೊಂದರಿಂದ. ಜನ ಕೊಂಡರು, ಮಲಗಿದರು, ಬಿಸಿಯಾಗುತ್ತದೆ ಅಂತ ದೂರಿದರು. ಆ ದೂರಿಗೆ ಉತ್ತರವಾಗಿ ಎಷ್ಟೋ ವರ್ಷದ ಮೇಲೆ ಬಂದದ್ದೇ ಜೆಲ್.

ಬಿಸಿ ಯಾಕೆ ಆಗುತ್ತದೆ? ಇದರೊಳಗೆ ಗಾಳಿ ಸಲೀಸಾಗಿ ಓಡಾಡುವುದಿಲ್ಲ. ಜೊತೆಗೆ ಮೈಯ ಆಕಾರಕ್ಕೆ ತಗ್ಗಿ ಸುತ್ತಲೂ ಅಂಟಿಕೊಳ್ಳುತ್ತದೆ. ನಾರಿನ ಹಾಸಿಗೆಯಲ್ಲಿ ಸೊಂಟದ ಹತ್ತಿರ ಒಂದಿಷ್ಟು ಖಾಲಿ ಜಾಗ ಇರುತ್ತದೆ, ಇದರಲ್ಲಿ ಅದೂ ಇಲ್ಲ. ಬೆನ್ನಿಗೆ ಹಾಯೆನಿಸುವುದೂ ಬೆವರಿಸುವುದೂ ಒಂದೇ ಗುಣ.

ಜೆಲ್ ಅಂದರೆ ಈ ಫೋಮಿನೊಳಗೆ ಸಣ್ಣ ಮಣಿಗಳ ಹಾಗೆ ಬೆರೆಸಿದ್ದಿರಬಹುದು, ದ್ರವವಾಗಿ ಕಲಸಿದ್ದಿರಬಹುದು, ಮೇಲೊಂದು ಪದರವಾಗಿ ಹಾಸಿದ್ದಿರಬಹುದು. ಕೆಲಸ ಮಾತ್ರ ಒಂದೇ: ಮೈಯ ಶಾಖವನ್ನು ಸಾದಾ ಫೋಮಿಗಿಂತ ಬೇಗ ಎಳೆದುಕೊಳ್ಳುವುದು. ಕಡಪ ಕಲ್ಲಿನ ಜಗಲಿ ಮೇಲೆ ಕೂತಾಗ ಮೊದಲು ತಣ್ಣಗಾಗಿ, ಆಮೇಲೆ ನಮ್ಮದೇ ಬಿಸಿಗೆ ಬೆಚ್ಚಗಾಗುವುದಿಲ್ವಾ, ಹಾಗೆ. ಎಳೆದುಕೊಂಡ ಶಾಖವನ್ನು ಎಲ್ಲಾದರೂ ಬಿಡಬೇಕು. ಕೋಣೆ ಮೈಗಿಂತ ಸಾಕಷ್ಟು ತಂಪಿದ್ದರೆ ಬಿಡುತ್ತದೆ. ಕೋಣೆಯೇ ಕುದಿಯುತ್ತಿದ್ದರೆ ಜೆಲ್ ತಾನೂ ಬಿಸಿಯಾಗಿ ಸುಮ್ನೆ ಬಿದ್ದಿರುತ್ತದೆ.

ಇದನ್ನು ನಂಬಬೇಕಾಗಿಲ್ಲ, ಅಂಗಡಿಯಲ್ಲೇ ನೋಡಬಹುದು. ನಾನು ಎರಡು ಹಾಸಿಗೆ ಅಕ್ಕಪಕ್ಕ ಹಾಕಿಸಿ ಒಂದೊಂದು ಅಂಗೈ ಒತ್ತಿ ಹಿಡಿದೆ. ಮೊದಲ ಕ್ಷಣಕ್ಕೆ ಜೆಲ್ಲಿನದು ಸ್ಪಷ್ಟವಾಗಿ ತಂಪು. ಕೈ ಎತ್ತದೆ ಮಾತಾಡುತ್ತಾ ನಿಂತೆ. ಹುಡುಗನಿಗೆ ಕಸಿವಿಸಿ. ಐದು ಹತ್ತು ನಿಮಿಷಕ್ಕೆ ಎರಡು ಕೈಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಮಲಗಿದೆ, ಅದೂ ಮನೆಯಲ್ಲಿ ಮಲಗುವ ಹಾಗೇ, ಮಗ್ಗುಲಾಗಿ. ಅಂಗಡಿಯಲ್ಲಿ ಎಲ್ಲರೂ ನಾಚಿಕೆಯಿಂದ ಅಂಗಾತ ಮಲಗಿ ಎರಡು ನಿಮಿಷಕ್ಕೆ ಎದ್ದುಬಿಡುತ್ತಾರೆ. ಭುಜ ಎಷ್ಟು ತಗ್ಗುತ್ತದೆ, ಸೊಂಟ ಜೋತು ಬೀಳುತ್ತದಾ ಅನ್ನುವುದು ಕಾಲು ಗಂಟೆ ಬಿದ್ದುಕೊಂಡರೆ ಮಾತ್ರ ಗೊತ್ತಾಗುವುದು. ನಮ್ಮವರು ದೂರ ಹೋಗಿ ಸೋಫಾ ನೋಡುವ ಹಾಗೆ ನಟಿಸಿದರು.

ನಿಜವಾದ ಕೆಲಸ ಶುರುವಾದದ್ದು ಕವರಿನ ಜಿಪ್ ತೆಗೆದಾಗ. "ಮೆಮೊರಿ ಫೋಮ್ ಹಾಸಿಗೆ" ಅಂದರೆ ಇಡೀ ಹಾಸಿಗೆ ಮೆಮೊರಿ ಫೋಮ್ ಅಂತ ಅಂದುಕೊಳ್ಳುತ್ತೇವೆ. ಹಾಗಿರುವುದಿಲ್ಲ. ಆರಿಂಚಿನ ಹಾಸಿಗೆಯಲ್ಲಿ ಮೇಲಿನ ಒಂದೋ ಎರಡೋ ಇಂಚು ಮಾತ್ರ ಅದು. ಕೆಳಗಿನದೆಲ್ಲ ಮಾಮೂಲಿ ಗಟ್ಟಿ ಫೋಮು. ಇದು ಮೋಸ ಅಲ್ಲ, ಹಾಗೇ ಇರಬೇಕು; ಇಡೀ ಆರಿಂಚು ಮೆತ್ತನೆಯದೇ ಆದರೆ ಮುಳುಗಿಹೋಗುತ್ತೇವೆ. ಆದರೆ ಮೇಲಿನ ಪದರ ಎಷ್ಟಿದೆ ಅಂತ ಸ್ಕೇಲ್ ಇಟ್ಟು ನೋಡಬೇಕು. ಒಂದು ಕಡೆ ನೋಡಿದ ಜೆಲ್ ಹಾಸಿಗೆಯಲ್ಲಿ ನೀಲಿ ಪದರ ಅರ್ಧ ಇಂಚೂ ಇರಲಿಲ್ಲ. ಅದಕ್ಕೆ ಸಾದಾದಕ್ಕಿಂತ ಮೂರು ಸಾವಿರ ಚಿಲ್ಲರೆ ಜಾಸ್ತಿ ಹೇಳಿದ್ದರು. ಅಂದ ಹಾಗೆ, ನೀಲಿ ಬಣ್ಣ ಇದ್ದರೆ ಜೆಲ್ ಇದೆ ಅಂತ ಅರ್ಥ ಅಲ್ಲ. ಫೋಮಿಗೆ ಯಾವ ಬಣ್ಣ ಬೇಕಾದರೂ ಹಾಕಬಹುದು.

ಮುಂದಿನದು ಡೆನ್ಸಿಟಿ. ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಹೆಚ್ಚಾಗಿ ಇದರ ಮೇಲೇ ನಿಂತಿದೆ. ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ ಅದು. ಮೆಮೊರಿ ಪದರಕ್ಕೆ ಐವತ್ತರ ಆಸುಪಾಸು ಇದ್ದರೆ ಒಳ್ಳೆಯದು, ನಲವತ್ತಕ್ಕಿಂತ ಕೆಳಗಿನದು ಬೇಗ ಸೊರಗುತ್ತದೆ. ಗಟ್ಟಿ ಇದ್ದರೆ ಡೆನ್ಸಿಟಿ ಜಾಸ್ತಿ ಅಂತ ತುಂಬ ಜನ ತಿಳಿದಿದ್ದಾರೆ. ಎರಡಕ್ಕೂ ಸಂಬಂಧ ಇಲ್ಲ. ಮೆತ್ತಗಿದ್ದೂ ಭಾರವಾದ ಫೋಮು ಇರುತ್ತದೆ.

ಅಂಗಡಿಯವರು ಬಾಯಲ್ಲಿ ಹೇಳುವ ಡೆನ್ಸಿಟಿಯನ್ನು ನಾನು ಮನೆಯಲ್ಲಿ ತೂಗಿ ನೋಡಿದೆ. ಗಿರಾಕಿಗೆ ತೋರಿಸಲು ಅವರ ಹತ್ತಿರ ಫೋಮಿನ ಸಣ್ಣ ತುಂಡುಗಳಿರುತ್ತವೆ. ಕೇಳಿದರೆ ಕೊಡುತ್ತಾರೆ, ಕೊಡದಿದ್ದರೆ ಅದೂ ಒಂದು ಉತ್ತರವೇ. ತುಂಡನ್ನು ಬ್ಲೇಡಿನಿಂದ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಐದು ದಪ್ಪಕ್ಕೆ ಕೊಯ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟೆ. ಈ ಅಳತೆಗೆ ಲೆಕ್ಕ ಸುಲಭ: ಗ್ರಾಂ ಎಷ್ಟು ಬರುತ್ತದೋ ಅದರ ಎರಡರಷ್ಟು ಡೆನ್ಸಿಟಿ. ಇಪ್ಪತ್ತೈದು ಗ್ರಾಂ ಬಂದರೆ ಐವತ್ತು. ಒಂದು ಅಂಗಡಿಯ ಸಾದಾ ಮೆಮೊರಿ ಫೋಮು 24 ಗ್ರಾಂ ತೂಗಿತು, ಅಂದರೆ 48. ಇನ್ನೊಂದು ಕಡೆಯ ಜೆಲ್ ತುಂಡು, ಐವತ್ತು ಅಂತ ಹೇಳಿ ಕೊಟ್ಟದ್ದು, 17 ಗ್ರಾಂ. ಅಂದರೆ 34! ಜೆಲ್ಲೇ ಭಾರದ ವಸ್ತು. ಅದನ್ನು ಬೆರೆಸಿದರೆ ಫೋಮಿನ ತೂಕ ಹೆಚ್ಚಬೇಕು. ಬೆರೆಸಿದ ಮೇಲೂ ಇಷ್ಟೇ ಅಂದರೆ ಒಳಗಿನ ಫೋಮು ಎಷ್ಟು ತೆಳು ಅಂತ ನೀವೇ ಯೋಚಿಸಿ. ಆ ಹಾಸಿಗೆ ಅಲ್ಲಿಗೆ ಪಟ್ಟಿಯಿಂದ ಹೊರಗೆ ಹೋಯಿತು.

ಮಂಗಳೂರಿನ ಮನೆಗೆ ಕೊನೆಗೆ ತಂದದ್ದು ಜೆಲ್ಲೇ. ಕ್ವೀನ್ ಸೈಜು, ಆರಿಂಚು ದಪ್ಪ, ಮೇಲೆ ಒಂದಿಂಚು ಜೆಲ್ ಮೆಮೊರಿ, ಕೆಳಗೆ ಗಟ್ಟಿ ಫೋಮು. ಎರಡಿಂಚಿನದು ಇನ್ನೂ ಸುಖವಾಗಿತ್ತು, ನಿಜ. ಆದರೆ ಮೈ ಎಷ್ಟು ಕಡಿಮೆ ಮುಳುಗುತ್ತದೋ ಅಷ್ಟು ಕಡಿಮೆ ಬೆವರು. ನಮ್ಮಲ್ಲಿ ರಾತ್ರಿ ಊಟ ಆದ ಮೇಲೆ ಒಂದೆರಡು ತಾಸು ಏಸಿ ಹಾಕಿ ಆಮೇಲೆ ಫ್ಯಾನಿಗೆ ಬದಲಾಯಿಸುವ ಅಭ್ಯಾಸ. ನಿದ್ದೆ ಹತ್ತುವ ಹೊತ್ತಿಗೆ ಜೆಲ್ಲಿನ ತಂಪು ಸಿಗುತ್ತದೆ, ಅಷ್ಟು ಮಟ್ಟಿಗೆ ಕೊಟ್ಟ ದುಡ್ಡು ಸಾರ್ಥಕ. ನಡುರಾತ್ರಿಯ ಮೇಲೆ ಅದರಿಂದ ಏನೂ ನಿರೀಕ್ಷೆ ಮಾಡಬೇಡಿ.

ಕರಾವಳಿಯಲ್ಲಿ ಇನ್ನೊಂದು ವಿಷಯ ಇದೆ. ಇಲ್ಲಿ ಕಾಡುವುದು ಬರೀ ಬಿಸಿ ಅಲ್ಲ, ಹಸಿ. ಗಾಳಿಯಲ್ಲೇ ನೀರಿರುವಾಗ ಬೆವರು ಆರುವುದಿಲ್ಲ. ಜೆಲ್ ಶಾಖ ಎಳೆದುಕೊಳ್ಳುತ್ತದೆ, ಬೆವರನ್ನಲ್ಲ. ಬೆವರಿಗೆ ಏನಿದ್ದರೂ ಬಟ್ಟೆ, ಗಾಳಿ. ಹಾಸಿಗೆಯ ಜೊತೆ ಫ್ರೀಯಾಗಿ ಬಂದ ವಾಟರ್‌ಪ್ರೂಫ್ ಹೊದಿಕೆ ಕೈಯಲ್ಲಿ ಹಿಡಿದರೆ ಸರ್ ಸರ್ ಅನ್ನುತ್ತಿತ್ತು, ಹಿಂದೆ ಪ್ಲಾಸ್ಟಿಕ್ಕು. ಅದನ್ನು ಹಾಕಿದರೆ ಕೆಳಗೆ ಜೆಲ್ ಇದ್ದರೂ ಒಂದೇ, ಕಲ್ಲಿದ್ದರೂ ಒಂದೇ. ಬಾಯಿಯ ಹತ್ತಿರ ಬಿಗಿಯಾಗಿ ಹಿಡಿದು ಊದಿ ನೋಡಿ; ಆಚೆ ಬದಿಗೆ ಸ್ವಲ್ಪವೂ ಉಸಿರು ತಾಗದಿದ್ದರೆ ಮಕ್ಕಳ ಹಾಸಿಗೆಗೆ ಮಾತ್ರ ಸರಿ. ನಾನು ಅದನ್ನು ಕಪಾಟಿಗೆ ಹಾಕಿ, ಸಾದಾ ಹತ್ತಿಯ ದಪ್ಪ ಚಾದರ ಹಾಸಿದೆ, ಮೇಲೆ ತೆಳ್ಳನೆಯ ಹತ್ತಿ ಬೆಡ್‌ಶೀಟು.

ಮಂಚದ ಹಲಗೆಯದೂ ಇದೇ ಕತೆ. ಹಾಸಿಗೆಯ ಕೆಳಗೆ ಒಂದೇ ತುಂಡು ಪ್ಲೈವುಡ್ ಇತ್ತು, ಗಾಳಿಗೆ ದಾರಿಯೇ ಇಲ್ಲ. ಮಳೆಗಾಲದಲ್ಲಿ ಅಂಥ ಕಡೆ ಹಾಸಿಗೆಯ ತಳ ಬೂಸಲು ಹಿಡಿಯುತ್ತದೆ. ಬಡಗಿಯನ್ನು ಕರೆಸಿ ಹಲಗೆಗೆ ಗೇಣಿಗೊಂದರಂತೆ ತೂತು ಕೊರೆಸಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗಾಗ ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ ಒಂದು ಗಂಟೆ ಫ್ಯಾನ್ ಹಾಕುತ್ತೇವೆ.

ಕೊಪ್ಪದ್ದು ಪೂರ್ತಿ ಬೇರೆ. ಅಲ್ಲಿ ಡಿಸೆಂಬರ್ ರಾತ್ರಿ ಕಂಬಳಿ ಬೇಕು. ಮೈಗೆ ತಾಗಿದ ತಕ್ಷಣ ತಂಪೆನಿಸುವ ಹಾಸಿಗೆ ಎಪ್ಪತ್ತು ದಾಟಿದ ಅತ್ತೆಗೆ ಯಾಕೆ? ಸಾದಾದ್ದೇ ಸರಿ ಅಂತ ಮೊದಲೇ ತೀರ್ಮಾನ ಆಗಿತ್ತು. ಆದರೂ ಆರಿಸುವುದಕ್ಕೆ ಜಾಸ್ತಿ ಹೊತ್ತು ಹಿಡಿದದ್ದು ಅದೇ. ಮೆಮೊರಿ ಫೋಮು ಚಳಿಗೆ ಗಟ್ಟಿಯಾಗುತ್ತದೆ, ಮೈಬಿಸಿಗೆ ಮೆತ್ತಗಾಗುತ್ತದೆ. ಮಲಗಿದ ಮೊದಲ ಹತ್ತು ನಿಮಿಷ ಹಲಗೆಯ ಹಾಗಿದ್ದು, ಆಮೇಲೆ ಮಲಗಿದ ಜಾಗ ಮಾತ್ರ ತಗ್ಗುತ್ತದೆ. ಮಗ್ಗುಲು ಬದಲಿಸಬೇಕೆಂದರೆ ಆ ತಗ್ಗಿನಿಂದ ಹತ್ತಿ ಬರಬೇಕು. ನೆಂಟರ ಮನೆಯಲ್ಲಿ ದಪ್ಪ ಮೆಮೊರಿ ಹಾಸಿಗೆಯ ಮೇಲೆ ಮಲಗಿ ಎದ್ದ ಅತ್ತೆ ಹೇಳಿದ್ದು ಇಷ್ಟೇ: "ಇದರಲ್ಲಿ ಒಳಗೆ ಹೋಗಲಿಕ್ಕೆ ಆಗ್ತದೆ, ಹೊರಗೆ ಬರಲಿಕ್ಕೆ ಇನ್ನೊಬ್ಬರು ಬೇಕು ಮಾರಾಯ್ತಿ."

ಹಾಗಾಗಿ ಅವರಿಗೆ ಒಂದಿಂಚು ಸಾದಾ ಮೆಮೊರಿ, ಕೆಳಗೆ ರೀಬಾಂಡೆಡ್ ಫೋಮು. ತುಂಡು ಫೋಮುಗಳನ್ನು ಒತ್ತಿ ಅಂಟಿಸಿ ಮಾಡುವ ಗಟ್ಟಿ ಪದರ ಅದು, ಬಣ್ಣ ಬಣ್ಣದ ಚುಕ್ಕಿ ಇರುತ್ತದೆ. ಅಂಚಿನಲ್ಲಿ ಕೂತರೆ ಜಾರುವುದಿಲ್ಲ. ವಯಸ್ಸಾದವರು ಏಳುವಾಗ ಅಂಚಿನಲ್ಲೇ ಅಲ್ವಾ ಕೂರುವುದು. ಅಲ್ಲಿನ ಮಂಚ ಹಲಸಿನ ಮರದ್ದು, ಮಾವನ ಅಪ್ಪ ಮಾಡಿಸಿದ್ದು, ಎತ್ತರ ಜಾಸ್ತಿ. ಆರಿಂಚು ಹಾಕಿದರೆ ಅತ್ತೆಯ ಕಾಲು ನೆಲಕ್ಕೆ ತಾಗುವುದಿಲ್ಲ. ಟೇಪು ಹಿಡಿದು ನೆಲದಿಂದ ಅವರ ಮಂಡಿಯವರೆಗೆ ಅಳೆದು, ಮಂಚದ ಎತ್ತರ ಕಳೆದು, ಉಳಿದದ್ದಕ್ಕೆ ಕೂತಾಗ ತಗ್ಗುವುದನ್ನು ಸೇರಿಸಿ ಐದಿಂಚು ಅಂತ ಲೆಕ್ಕ ಹಾಕಿದೆ. ಮಂಚದ ಉದ್ದ ಅಗಲವೂ ಯಾವ ಕಂಪನಿಯ ಸೈಜಿಗೂ ಹೊಂದದ್ದರಿಂದ ಅಳತೆ ಕೊಟ್ಟು ಮಾಡಿಸಬೇಕಾಯಿತು. ಒಂದು ಎಚ್ಚರಿಕೆ: ಆನ್‌ಲೈನ್‌ನಲ್ಲಿ ನೂರು ರಾತ್ರಿ ಮಲಗಿ ನೋಡಿ, ಬೇಡವಾದರೆ ವಾಪಸ್ ಅಂತ ಹಾಕಿರುತ್ತಾರಲ್ಲ, ಅಳತೆ ಕೊಟ್ಟು ಮಾಡಿಸಿದ್ದಕ್ಕೆ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಷರತ್ತು ಓದಿಕೊಳ್ಳಿ.

ಎರಡೂ ಸುರುಳಿ ಸುತ್ತಿ ಬಂದವು. ಪ್ಲಾಸ್ಟಿಕ್ ಕೊಯ್ದ ಕೂಡಲೇ ಹೊಸ ಪೇಂಟಿನಂಥ ವಾಸನೆ. ಕಿಟಕಿ ತೆರೆದ ಕೋಣೆಯಲ್ಲಿ ಹಾಸಿ ಎರಡು ಮೂರು ದಿನ ಬಿಟ್ಟರೆ ವಾಸನೆ ಹೋಗುತ್ತದೆ, ಮೂಲೆಗಳೂ ಪೂರ್ತಿ ಉಬ್ಬುತ್ತವೆ. ಕೊಪ್ಪದಲ್ಲಿ ಚಳಿಗೆ ಉಬ್ಬುವುದು ನಿಧಾನವಾಯಿತು. ಅತ್ತೆ ಅದನ್ನು ಅಂಗಳದ ಬಿಸಿಲಿಗೆ ಹಾಕಲು ಹೊರಟಿದ್ದರು. ಹತ್ತಿ ಹಾಸಿಗೆಗೆ ಬಿಸಿಲು ಒಳ್ಳೆಯದು, ಫೋಮಿಗೆ ಬೇಡ. ಬಿಸಿಲಿಗೆ ಅದು ಹಳದಿಯಾಗಿ ಪುಡಿ ಉದುರಲು ಶುರುವಾಗುತ್ತದೆ, ಜೆಲ್ ಇದ್ದರೂ ಅಷ್ಟೇ. ಮಗುಚಿ ಹಾಕುವ ಹಾಗೂ ಇಲ್ಲ, ಮೆಮೊರಿ ಪದರ ಒಂದೇ ಬದಿಗಿರುತ್ತದೆ. ತಲೆಯ ಕಡೆಯದನ್ನು ಕಾಲಿನ ಕಡೆಗೆ ತಿರುಗಿಸಬಹುದು, ಅದನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಮಾಡುತ್ತೇವೆ.

ತಿರುಗಿಸುವಾಗಲೇ ಗುಂಡಿ ಬಿದ್ದಿದೆಯಾ ನೋಡಿಬಿಡುತ್ತೇನೆ. ಹಾಸಿಗೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದು ದಾರ ಬಿಗಿಯಾಗಿ ಹಿಡಿದು, ಸೊಂಟ ಬರುವ ಜಾಗದಲ್ಲಿ ದಾರಕ್ಕೂ ಹಾಸಿಗೆಗೂ ನಡುವೆ ಎಷ್ಟು ಅಂತರ ಅಂತ ಸ್ಕೇಲಿನಲ್ಲಿ ಅಳೆಯುವುದು. ಯಾರೂ ಮಲಗದಿರುವಾಗ ಇಷ್ಟು ಇಂಚಿಗಿಂತ ಜಾಸ್ತಿ ತಗ್ಗಿದ್ದರೆ ಮಾತ್ರ ವಾರಂಟಿ ಅಂತ ಕಾರ್ಡಿನಲ್ಲಿ ಬರೆದಿರುತ್ತದೆ. ಮೆತ್ತಗಾಯಿತು, ಮೊದಲಿನ ತಂಪಿಲ್ಲ ಅನ್ನುವುದಕ್ಕೆಲ್ಲ ಅವರು ಬದಲಿ ಕೊಡುವುದಿಲ್ಲ. ಬಿಲ್ಲನ್ನು ತಂದ ದಿನವೇ ಫೋಟೋ ತೆಗೆದಿಡಿ. ಆ ನುಣುಪು ಕಾಗದದ ಮೇಲಿನ ಅಕ್ಷರ ವಾರಂಟಿ ಮುಗಿಯುವ ತನಕ ಉಳಿಯುವುದಿಲ್ಲ.