ಅಳತೆಗೆ ಸಿಗದ ಪರಮಾಣು ಬೀಜಗಳ ದ್ರವ್ಯರಾಶಿ: ಊಹೆಯನ್ನು ತಿದ್ದಿದ ನನ್ನ ಅನುಭವ

ತವರ-132ರ ಬೀಜದಲ್ಲಿ 50 ಪ್ರೋಟಾನ್‌ಗಳೂ 82 ನ್ಯೂಟ್ರಾನ್‌ಗಳೂ ಇವೆ. ಬೀಜವನ್ನು ಬಿಡಿ ಕಣಗಳಾಗಿ ಒಡೆಯಲು ಬೇಕಾದ ಶಕ್ತಿಯೇ ಬಂಧಕ ಶಕ್ತಿ; ಅದು ತಿಳಿದರೆ ದ್ರವ್ಯರಾಶಿಯೂ ತಿಳಿದಂತೆ. ಪ್ರಯೋಗದಿಂದ ತಿಳಿದಿರುವ ತವರ-132ರ ಬಂಧಕ ಶಕ್ತಿ ಸುಮಾರು 1102.8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಂಇವಿ. ಈ ಶಕ್ತಿಯನ್ನು ಅಂದಾಜಿಸಲು ಪದವಿ ತರಗತಿಯಲ್ಲಿ ಕಲಿಸುವ ವೈಟ್ಸೆಕರ್ ಸೂತ್ರಕ್ಕೆ 15.75, 17.8, 0.711, 23.7 ಎಂಬ ಗುಣಾಂಕಗಳನ್ನು ಹಾಕಿ, ಜೋಡಿ ಪದವಾಗಿ 11.18ನ್ನು ದ್ರವ್ಯರಾಶಿ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಕೂಡಿಸಿದರೆ 1092.6 ಬರುತ್ತದೆ. ಕೊರತೆ ಶೇಕಡಾ ಒಂದಕ್ಕಿಂತ ಕಡಿಮೆಯೇ ಹೌದು. ಆದರೆ ತವರ-133ರಿಂದ ಒಂದು ನ್ಯೂಟ್ರಾನನ್ನು ಬಿಡಿಸಲು 2.4 ಎಂಇವಿ ಸಾಕಾಗುವಾಗ, ಹತ್ತು ಎಂಇವಿಯ ಕೊರತೆಯನ್ನು ಸಣ್ಣದೆನ್ನಲಾಗದು. ಚಿನ್ನದಂತಹ ಭಾರ ಧಾತುಗಳನ್ನು ಹುಟ್ಟಿಸುವ ಶೀಘ್ರ ನ್ಯೂಟ್ರಾನ್ ಸೆರೆಯ, ಅಂದರೆ ಬೀಜಗಳು ಒಂದರ ಹಿಂದೊಂದು ನ್ಯೂಟ್ರಾನ್‌ಗಳನ್ನು ಬೇಗಬೇಗನೆ ಹೀರಿಕೊಳ್ಳುವ ಕ್ರಿಯೆಯ, ದಾರಿ ಇಂತಹ ಬಿಡುಗಡೆ ಶಕ್ತಿಗಳನ್ನೇ ಅವಲಂಬಿಸಿದೆ, ಮತ್ತು ಆ ದಾರಿಯ ಬಹುಪಾಲು ಬೀಜಗಳನ್ನು ಇನ್ನೂ ಯಾರೂ ಅಳೆದಿಲ್ಲ.

ನಾನು ಹೊಸ ಸಿದ್ಧಾಂತವನ್ನು ಕಟ್ಟಲು ಹೋಗಲಿಲ್ಲ. ದ್ರವ್ಯರಾಶಿಯನ್ನು ಲೆಕ್ಕ ಹಾಕುವ ಈಗಾಗಲೇ ಇರುವ ಮಾದರಿಯೊಂದನ್ನು ತೆಗೆದುಕೊಂಡು, ಅಳೆದ ಬೆಲೆಗೂ ಮಾದರಿಯ ಬೆಲೆಗೂ ಇರುವ ವ್ಯತ್ಯಾಸವನ್ನು, ಅಂದರೆ ಉಳಿಕೆಯನ್ನು, ಗಾಸಿಯನ್ ಪ್ರೋಸೆಸ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಕಲಿಯುವಂತೆ ಮಾಡಿದೆ. ಈ ಉಳಿಕೆಗಳು ಗೊತ್ತುಗುರಿಯಿಲ್ಲದೆ ಚೆಲ್ಲಿದಂತಿರುವುದಿಲ್ಲ. ನಕ್ಷೆಯಲ್ಲಿ ಬಿಡಿಸಿದರೆ 50, 82, 126 ಎಂಬ ಮಾಂತ್ರಿಕ ಸಂಖ್ಯೆಗಳ, ಅಂದರೆ ಬೀಜಗಳು ವಿಶೇಷವಾಗಿ ಗಟ್ಟಿಯಾಗಿರುವ ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆಗಳ, ಸುತ್ತ ಏರಿಳಿತಗಳು ಸ್ಪಷ್ಟವಾಗಿ ಕಾಣುತ್ತವೆ. ಕಲಿಯಲು ಏನಾದರೂ ಇದೆ ಎಂಬ ಭರವಸೆ ಹುಟ್ಟುವುದು ಅಲ್ಲಿಯೇ.

ಹೆಚ್ಚು ಸಮಯ ತೆಗೆದುಕೊಂಡದ್ದು ದತ್ತಾಂಶವನ್ನು ಹಸನು ಮಾಡುವ ಕೆಲಸ. ಪರಮಾಣು ದ್ರವ್ಯರಾಶಿಗಳ ಅಂತರರಾಷ್ಟ್ರೀಯ ಕೋಷ್ಟಕವಾದ ಎಎಂಇ-2020ರಲ್ಲಿ ಕೆಲವು ಬೆಲೆಗಳ ಪಕ್ಕದಲ್ಲಿ # ಚಿಹ್ನೆ ಇರುತ್ತದೆ. ಅವು ಅಳತೆಗಳಲ್ಲ, ನೆರೆಯ ಬೀಜಗಳ ಪ್ರವೃತ್ತಿಯಿಂದ ಮಾಡಿದ ಅಂದಾಜುಗಳು. ಅವನ್ನು ಪೂರ್ತಿಯಾಗಿ ಕೈಬಿಟ್ಟೆ, ಏಕೆಂದರೆ ಅಂದಾಜನ್ನು ಕಲಿತ ಯಂತ್ರ ಅಂದಾಜನ್ನೇ ಒಪ್ಪಿಸುತ್ತದೆ. ಎಂಟಕ್ಕಿಂತ ಕಡಿಮೆ ಪ್ರೋಟಾನ್ ಅಥವಾ ನ್ಯೂಟ್ರಾನ್‌ಗಳಿರುವ ಹಗುರ ಬೀಜಗಳನ್ನೂ ಬಿಟ್ಟೆ. ಇನ್ನೊಂದು ಸೂಕ್ಷ್ಮವೂ ಇದೆ: ಕೋಷ್ಟಕ ಕೊಡುವುದು ಎಲೆಕ್ಟ್ರಾನ್‌ಗಳೂ ಸೇರಿದ ಪರಮಾಣುವಿನ ದ್ರವ್ಯರಾಶಿಯನ್ನು. ಸೀಸದಲ್ಲಿ ಎಲೆಕ್ಟ್ರಾನ್‌ಗಳ ಒಟ್ಟು ಬಂಧಕ ಶಕ್ತಿಯೇ ಅರ್ಧ ಎಂಇವಿಯನ್ನು ಮೀರುತ್ತದೆ. ಸ್ವಂತ ಸೂತ್ರ ಬರೆದುಕೊಂಡವರು ಇದನ್ನು ಲೆಕ್ಕಕ್ಕೆ ತರದಿದ್ದರೆ, ಪರಮಾಣು ಸಂಖ್ಯೆಯೊಂದಿಗೆ ನಯವಾಗಿ ಏರುವ ಒಂದು ಸುಳ್ಳು ಉಳಿಕೆಯನ್ನು ಯಂತ್ರ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ಮೂಲ ಮಾದರಿಯನ್ನು ಆರಿಸುವಾಗ ಸ್ವಲ್ಪ ಚರ್ಚೆಯಾಯಿತು. ಡಬ್ಲ್ಯೂಎಸ್4 ಮಾದರಿಯ ಸರಾಸರಿ ವಿಚಲನೆ 0.3 ಎಂಇವಿ, ಮೋಲರ್ ಮತ್ತು ಸಂಗಡಿಗರ ಎಫ್‌ಆರ್‌ಡಿಎಂ-2012ರದ್ದು ಸುಮಾರು 0.56. ಆದರೂ ಪರೀಕ್ಷೆಗೆ ನಾನು ಆರಿಸಿದ್ದು ಎರಡನೆಯದನ್ನು. ಡಬ್ಲ್ಯೂಎಸ್4ರ ನಿಯತಾಂಕಗಳನ್ನು ಎಎಂಇ-2012ಕ್ಕೆ ಹೊಂದಿಸಲಾಗಿದೆ, ಎಫ್‌ಆರ್‌ಡಿಎಂ-2012ರದ್ದನ್ನು ಎಎಂಇ-2003ಕ್ಕೆ. ನಾನು 2003ರ ಕೋಷ್ಟಕದಿಂದ ತರಬೇತಿ ಕೊಟ್ಟು, ಆನಂತರ ಅಳೆದು 2020ರ ಕೋಷ್ಟಕಕ್ಕೆ ಸೇರಿಸಿದ ಬೀಜಗಳಿಂದ ಪರೀಕ್ಷಿಸಬೇಕೆಂದಿದ್ದೆ. ಮೂಲ ಮಾದರಿಯೇ ಉತ್ತರ ಪತ್ರಿಕೆಯ ಅರ್ಧವನ್ನು ನೋಡಿದ್ದರೆ ಆ ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ತಿಳಿದ ಬೀಜಗಳನ್ನು ಮನಬಂದಂತೆ ಎರಡು ಪಾಲು ಮಾಡಿ ಪರೀಕ್ಷಿಸುವ ರೂಢಿ ವ್ಯಾಪಕವಾಗಿದೆ. ಅಲ್ಲಿ ಪರೀಕ್ಷೆಗಿಟ್ಟ ಬಹುತೇಕ ಬೀಜಗಳ ಎಡಬಲದ ನೆರೆಯವರು ತರಬೇತಿಯಲ್ಲೇ ಇರುವುದರಿಂದ, ಬರುವ ಅಂಕಿ ಚೆಂದವಾಗಿ ಕಾಣುತ್ತದೆ, ಅಷ್ಟೇ.

ಪ್ರೋಟಾನ್ ಮತ್ತು ನ್ಯೂಟ್ರಾನ್ ಸಂಖ್ಯೆಗಳ ಜೊತೆಗೆ ಅವುಗಳ ಸಮ-ಬೆಸ ಗುಣವನ್ನೂ, ಹತ್ತಿರದ ಮಾಂತ್ರಿಕ ಸಂಖ್ಯೆಗಿರುವ ದೂರವನ್ನೂ ಕೊಟ್ಟೆ. ಅಳೆದ ಬೀಜಗಳ ಅಂಚಿನಿಂದ ಎರಡು-ಮೂರು ನ್ಯೂಟ್ರಾನ್‌ಗಳ ದೂರದಲ್ಲಿ ತಿದ್ದುಪಡಿ ನಿಜಕ್ಕೂ ನೆರವಾಯಿತು. ಇನ್ನೂ ದೂರ ಹೋದಂತೆ ತಿದ್ದುಪಡಿ ತಾನಾಗಿ ಸೊನ್ನೆಯತ್ತ ಇಳಿದು, ಅನಿಶ್ಚಿತತೆಯ ಪಟ್ಟಿ ಅಗಲವಾಯಿತು. ನ್ಯೂರಲ್ ನೆಟ್‌ವರ್ಕ್‌ಗಿಂತ ಈ ವಿಧಾನ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ.

ಎರಡು ನ್ಯೂಟ್ರಾನ್‌ಗಳ ಬಿಡುಗಡೆ ಶಕ್ತಿಯನ್ನು ಲೆಕ್ಕ ಹಾಕುವಾಗ ಎರಡು ನ್ಯೂಟ್ರಾನ್‌ಗಳ ಅಂತರವಿರುವ ಎರಡೂ ಬೀಜಗಳ ದ್ರವ್ಯರಾಶಿಗಳ ದೋಷಗಳನ್ನು ಸ್ವತಂತ್ರವೆಂದು ಭಾವಿಸಿ ಕೂಡಿಸಬಾರದು. ನೆರೆಯ ಬೀಜಗಳ ದೋಷಗಳು ಒಂದೇ ದಿಕ್ಕಿಗೆ ವಾಲುವುದರಿಂದ ಕಳೆಯುವಾಗ ಬಹುಪಾಲು ರದ್ದಾಗುತ್ತವೆ. ಆದ್ದರಿಂದ ದೋಷಗಳು ಒಟ್ಟಿಗೆ ಹೇಗೆ ಬದಲಾಗುತ್ತವೆ ಎಂದು ತೋರಿಸುವ ಪೂರ್ಣ ಸಹವಿಚಲನ ಮ್ಯಾಟ್ರಿಕ್ಸನ್ನೇ ಉಳಿಸಿಕೊಂಡು, ಖಗೋಳ ಭೌತಶಾಸ್ತ್ರದ ಲೆಕ್ಕ ಮಾಡುವ ಗೆಳೆಯರಿಗೆ ಕೋಷ್ಟಕದ ಜೊತೆ ಅದನ್ನೂ ಕಳುಹಿಸಿದೆ.